ಕಂಚಿಬೈಲಿನ ಕಟ್ಟುಗಳು

ಕಂಚಿಬೈಲಿನ ಜನ ಬಸ್ಸಿನಲ್ಲಿ ಹೋಗುವವರಲ್ಲ. ಅವರ ಸಾಮಾನು ಹೋಗುತ್ತದೆ, ಅವರು ಮನೆಯಲ್ಲಿರುತ್ತಾರೆ.

ಹೊರಗಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ. ನಗಲಿ, ನಷ್ಟವೇನು? ಶಂಕರಪುರದಲ್ಲಿ ಒಳಗೆ ತಿರುಗಿ ಎರಡು ಗುಡ್ಡೆ ಹತ್ತಿಳಿದರೆ ಸಿಗುವ ಊರು ಇದು. ಪೇಟೆ ಅಂತ ಕರೆಸಿಕೊಳ್ಳಬೇಕೆಂಬ ಹಂಬಲ ಇದಕ್ಕೆ ಬಹಳ. ಇರುವುದು ಇದ್ರೀಸನ ಜೀನಸು ಅಂಗಡಿ, ಹಾಲಿನ ಡೈರಿ, ಮಧ್ಯಾಹ್ನಕ್ಕೇ ಬಾಗಿಲು ಹಾಕುವ ಒಂದು ಹೋಟೆಲು, ಒಂದು ಅಶ್ವತ್ಥಕಟ್ಟೆ, ಕಟ್ಟೆಯ ಪಕ್ಕದಲ್ಲಿ ಬಸ್ಸಿಗೆ ಕಾಯುವವರು ಕೂರಲೆಂದು ಪಂಚಾಯತಿನವರು ಹಾಕಿಸಿದ ಸಿಮೆಂಟಿನ ಬೆಂಚು. ಸುತ್ತಲೂ ಭತ್ತದ ಗದ್ದೆ, ಗದ್ದೆಯ ಅಂಚಿಗೆ ಮನೆಗಳು, ಮನೆಯೆಂದ ಮೇಲೆ ಹಿತ್ತಲಲ್ಲಿ ಮಲ್ಲಿಗೆ. ತುಳು ಮಾತಾಡುವವರು, ಕೊಂಕಣಿಯವರು, ಬ್ಯಾರಿಗಳು ಎಲ್ಲ ಇದ್ದಾರೆ. ಒಬ್ಬರು ದೇವಸ್ಥಾನಕ್ಕೆ, ಒಬ್ಬರು ಇಗರ್ಜಿಗೆ, ಒಬ್ಬರು ಮಸೀದಿಗೆ ಹೋಗುವುದು ನಿಜ. ಆದರೆ ಹೊತ್ತು ಮೂಡುವ ಮೊದಲು ಎಲ್ಲರೂ ಬಗ್ಗಿ ನಿಲ್ಲುವುದು ಮಲ್ಲಿಗೆಯ ಗಿಡದ ಮುಂದೆ.

ಪ್ರಾಯದವರಿಗೆ ಸ್ಕೂಟರು ಉಂಟು, ಮಕ್ಕಳಿಗೆ ಶಾಲೆಯ ವ್ಯಾನು ಉಂಟು. ಉಳಿದವರಿಗೆ ಎಲ್ಲಿಗೂ ಹೋಗಲು ಪುರುಸೊತ್ತಿಲ್ಲ. ದನ ಕರೆಯುವುದು ಯಾರು, ಗದ್ದೆಗೆ ನೀರು ತಿರುಗಿಸುವುದು ಯಾರು, ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುವುದು ಯಾರು? ಹಾಗಾಗಿ ಶಂಕರಪುರದ ಮೇಲಾಗಿ ಉಡುಪಿ, ಮಣಿಪಾಲಕ್ಕೆ ಹೋಗುವ ಬೆಳಗಿನ ‘ಹೊನ್ನಕಿರಣ’ ಬಸ್ಸು ಬರುವ ಹೊತ್ತಿಗೆ ಸಿಮೆಂಟಿನ ಬೆಂಚಿನ ಮೇಲೆ ಜನರ ಬದಲು ಕಟ್ಟುಗಳು ಕೂತಿರುತ್ತವೆ. ಹೂವಪ್ಪಣ್ಣನ ಮಗಳು ನಿಖಿತಾ ಮಣಿಪಾಲದಲ್ಲಿ ಲ್ಯಾಬಿನಲ್ಲಿದ್ದಾಳೆ, ಅವಳಿಗೆ ಬಸಳೆ ಮತ್ತು ಬುತ್ತಿ. ಖತೀಜಾಳ ಮಗ ಸಾಬಿತ್‌ಗೆ ಉಡುಪಿಯಲ್ಲಿ ಮೊಬೈಲ್ ಅಂಗಡಿ, ಅವನಿಗೆ ಅಕ್ಕಿರೊಟ್ಟಿ, ಅವರ ಭಾಷೆಯಲ್ಲಿ ಪತ್ತಿರಿ. ಯಾರದ್ದೋ ಸಕ್ಕರೆ ಕಾಯಿಲೆಗೆ ಮೂತ್ರದ ಬಾಟಲಿ, ಅದೂ ನಿಖಿತಾಳಿಗೇ. ಬುತ್ತಿ ಯಾವುದು ಬಾಟಲಿ ಯಾವುದು ಅಂತ ಇಲ್ಲಿಯವರೆಗೆ ಯಾರೂ ತಪ್ಪಿದ್ದಿಲ್ಲ, ಅದು ಕಂಡಕ್ಟರ್ ಭೋಜನ ಹೆಚ್ಚುಗಾರಿಕೆ. ಲೂಯಿಸ್ ಪೊರ್ಬುಗಳ ಹಲ್ಲಿನ ಸೆಟ್ಟಂತೂ ರಿಪೇರಿಗೆಂದು ಅವರಿಗಿಂತ ಹೆಚ್ಚು ಸಲ ಮಣಿಪಾಲ ನೋಡಿದೆ.

ಯಾವ ಕಟ್ಟಿನ ಮೇಲೂ ಹೆಸರಿಲ್ಲ. ಅಡಿಕೆ ಹಾಳೆಯಲ್ಲಿ ಸುತ್ತಿದ್ದರೆ ಖತೀಜಾಳದ್ದು, ತೆಂಗಿನ ಗರಿಯಲ್ಲಿ ಬಿಗಿದಿದ್ದರೆ ಹೂವಪ್ಪಣ್ಣನದ್ದು, ಬಾಳೆಲೆಗೆ ಕೆಂಪು ನೂಲಿನ ಗಂಟಿದ್ದರೆ ಲೊರ್ನಾಬಾಯಿಯದ್ದು. ಯಾರೂ ಕೈಯಿಂದ ಕೈಗೆ ಕೊಡುವುದಿಲ್ಲ. ಬೆಂಚಿನ ಮೇಲಿಟ್ಟು ಮನೆಗೆ ಹೋದರೆ ಮುಗಿಯಿತು. ಭೋಜ ಹೋಟೆಲಿನಲ್ಲಿ ಚಾ ಕುಡಿದು, ಇರುವ ನಾಲ್ಕೈದು ಪ್ರಯಾಣಿಕರಿಗೆ ಟಿಕೆಟ್ ಹರಿದು, ಆಮೇಲೆ ಒಂದೊಂದೇ ಕಟ್ಟನ್ನು ಎತ್ತಿ ಡ್ರೈವರನ ಬದಿಯ ಇಂಜಿನ್ ಹತ್ತಿರ ಜೋಡಿಸಿ ಸೀಟಿ ಊದುತ್ತಾನೆ.

ಲೊರ್ನಾಬಾಯಿಯ ಮನೆ ಬೆಂಚಿನ ಸರೀ ಎದುರಿಗೆ. ಅರವತ್ತು ದಾಟಿದ ಗಟ್ಟಿ ಹೆಂಗಸು, ನಾಲಿಗೆ ಇನ್ನೂ ಗಟ್ಟಿ. ಗಂಡ ಲೂಯಿಸ್, ಊರಿನವರ ಮರ್ಯಾದೆಯ ಮಾತಿನಲ್ಲಿ ಪೊರ್ಬುಗಳು, ಬೊಂಬಾಯಿಯ ಕ್ಯಾಂಟೀನು ಮುಚ್ಚಿ ಬರಿಗೈಯಲ್ಲಿ ಬಂದ ಮೇಲೆ ಆ ಮನೆಯನ್ನು ಸಾಕಿದ್ದು ಅವಳ ಮಲ್ಲಿಗೆ. ಶಂಕರಪುರದ ಹೂವಿನ ಕಟ್ಟೆಯಲ್ಲಿ ಅವಳ ಹೂವೆಂದರೆ ಬಿಚ್ಚಿ ನೋಡದೆ ತೆಗೆದುಕೊಳ್ಳುತ್ತಾರಂತೆ. ಅಂತೆ ಯಾಕೆಂದರೆ, ಅವಳು ಆ ಕಟ್ಟೆಯನ್ನು ನೋಡಿದವಳೇ ಅಲ್ಲ. ಬಸ್ಸು ಹತ್ತದೆ ಯಾವ ಕಾಲವಾಯಿತೋ. ಯಾರಾದರೂ ಕೇಳಿದರೆ, “ಬಸ್ಸಿನಲ್ಲಿ ತಿರುಗುವುದು ಕೆಲಸ ಇಲ್ಲದವರು ಮಾರಾಯ್ರೆ” ಎಂದು ಮೂಗು ಮುರಿಯುತ್ತಾಳೆ.

ನಿಜ ಸಂಗತಿ ಬೇರೆಯೇ. ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟರೆ ಸಾಕು, ಲೊರ್ನಾಬಾಯಿಗೆ ಹೊಟ್ಟೆ ತೊಳೆಸುತ್ತದೆ. ನಾಚಿಕೆ! ಊರಿಗೆಲ್ಲ ಬುದ್ಧಿ ಹೇಳುವ ಹೆಂಗಸು ಕಿಟಕಿಯಿಂದ ಹೊರಗೆ ತಲೆ ಹಾಕಿ ಕೂರುವುದನ್ನು ನಾಲ್ಕು ಜನ ನೋಡುವುದೆಂದರೇನು? ಅದನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

ಹೀಗಿರುವಾಗ ಒಂದು ಶನಿವಾರ ಭೋಜ ಚಾ ಕುಡಿಯಲು ಹೋಗದೆ ನೇರ ಅವಳ ಗೇಟಿಗೆ ಬಂದ. ಮುಖ ಸಪ್ಪೆಯಾಗಿತ್ತು.

“ಬಾಯಮ್ಮ, ಒಂದು ಬೇಸರದ ವಿಷಯ ಉಂಟು. ನಮ್ಮ ಟ್ರಿಪ್ಪು ಕ್ಯಾನ್ಸಲ್ ಮಾಡ್ತಾರಂತೆ.”

“ಎಂತ?”

“ನಮ್ಮ ಬಸ್ಸಿನ ಸುಕೇಶ್ ದಣಿಗಳು ಹೇಳಿದರು. ಕಂಚಿಬೈಲಿಗೆ ಖಾಲಿ ಬಸ್ಸು ಓಡಿಸಿ ಡೀಸೆಲ್ ಸುಡುವುದು ಯಾಕೆ, ಶಂಕರಪುರದಲ್ಲೇ ತಿರುಗಿಸುವ ಅಂತ. ಸೋಮವಾರ ಅವರ ಅಳಿಯ ಬರ್ತಾರೆ. ಅಕ್ಕನ ಮಗ, ಪ್ರಖ್ಯಾತ್ ಅಂತ, ಮಣಿಪಾಲದಲ್ಲಿ ದೊಡ್ಡ ಓದು ಓದಿದವರು. ಮೊದಲ ಟ್ರಿಪ್ಪಿನಲ್ಲಿ ಕೂತು ಜನ ನೋಡ್ತಾರೆ. ಸೀಟು ಭರ್ತಿ ಆದರೆ ಉಂಟು, ಇಲ್ಲದಿದ್ದರೆ ಇಲ್ಲ.”

ಲೊರ್ನಾಬಾಯಿ ಗೇಟು ಹಿಡಿದು ನಿಂತು ಲೆಕ್ಕ ಹಾಕಿದಳು. ಹೊತ್ತಿಗೆ ಸರಿಯಾಗಿ ಹೂವಿನ ಕಟ್ಟೆ ಮುಟ್ಟದಿದ್ದರೆ ಪೇಟೆಗೆ ಹೋಗುವ ವ್ಯಾನು ಹೊರಟುಬಿಡುತ್ತದೆ, ಸಂಜೆಗೆ ಮೊಗ್ಗು ಅರಳಿಬಿಡುತ್ತದೆ, ಅರಳಿದ ಹೂವನ್ನು ಯಾರೂ ಕೇಳುವುದಿಲ್ಲ. ಲೂಯಿಸನಿಗೆ ಕಣ್ಣು ಮಂಜು, ಸ್ಕೂಟರು ಮುಟ್ಟುವಂತಿಲ್ಲ. ಇದ್ರೀಸನಿಗೆ ಗೂಡ್ಸ್ ರಿಕ್ಷಾ ಉಂಟು ನಿಜ, ಆದರೆ ಬೆಳಗಿನ ವ್ಯಾಪಾರ ಬಿಟ್ಟು ದಿನಾ ಹೂ ಹೊರಲು ಬರುತ್ತಾನೆಯೇ? ಬಸ್ಸು ನಿಂತರೆ ತನ್ನ ಮಲ್ಲಿಗೆ ಹಿತ್ತಲಲ್ಲೇ ಅರಳಿ ಹಿತ್ತಲಲ್ಲೇ ಉದುರುತ್ತದೆ ಎಂದು ಯೋಚಿಸಿದಾಗ ಅವಳಿಗೆ ಅಳುವೇ ಬಂತು. ಅತ್ತರೆ ಭೋಜ ನೋಡುತ್ತಾನಲ್ಲ ಎಂದು ಸಿಟ್ಟು ಮಾಡಿಕೊಂಡಳು.

“ಜನ ಬೇಕಾ ಅವನಿಗೆ? ಕೊಡುವ. ಉಸಿರಾಡಲಿಕ್ಕೆ ಜಾಗ ಇಲ್ಲದ ಹಾಗೆ ಕೊಡುವ” ಎಂದಳು.

ಆ ಶನಿವಾರ, ಭಾನುವಾರ ಲೊರ್ನಾಬಾಯಿ ಮನೆಯಲ್ಲಿ ನಿಲ್ಲಲಿಲ್ಲ. ಪೂಜೆ ಮುಗಿದು ಇಗರ್ಜಿಯಿಂದ ಹೊರಗೆ ಬಂದವರನ್ನು ಬಾಗಿಲಲ್ಲೇ ಹಿಡಿದಳು, ಡೈರಿಗೆ ಹಾಲು ತಂದವರನ್ನು ಸಾಲಿನಲ್ಲೇ ಹಿಡಿದಳು, ಖತೀಜಾಳನ್ನು ಅವಳ ಅಡಿಗೆಮನೆಯಲ್ಲೇ ಹಿಡಿದಳು.

“ಎಲ್ಲಿಗೆ ಹೋಗುವುದು ಬಾಯಿ, ನನಗೆಂತ ಕೆಲಸ ಉಂಟು ಮಣಿಪಾಲದಲ್ಲಿ?” ಎಂದಳು ಖತೀಜಾ.

“ಕೆಲಸ ಯಾರಿಗುಂಟು? ಹೋಗುವುದು, ಮಧ್ಯಾಹ್ನದ ಬಸ್ಸಿನಲ್ಲಿ ಬರುವುದು. ನಿನ್ನ ಮಗನಿಗೆ ಪತ್ತಿರಿ ಹೋಗಬೇಕೋ ಬೇಡವೋ?”

ಮಗನ ಹೊಟ್ಟೆಯ ಮಾತು ಬಂದ ಮೇಲೆ ಖತೀಜಾ ಒಪ್ಪಿದಳು. ಹೂವಪ್ಪಣ್ಣನದ್ದು ಮಾತ್ರ ಬೇರೆ ತಕರಾರು.

“ಆ ಹುಡುಗ ಎಲ್ಲಿಗೆ ಹೋಗುವುದು ಅಂತ ಕೇಳಿದರೆ ಎಂತ ಹೇಳುವುದು? ನನಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ ಬಾಯಮ್ಮ.”

“ಹೋದ ವರ್ಷ ಗದ್ದೆಯ ಬದು ಸರಿಸಿದ್ದು ಹಂದಿ ಅಂತ ಹೇಳಿದ್ದು ಯಾರು?”

ಹೂವಪ್ಪಣ್ಣ ಕೆಮ್ಮಿದ.

“ಹಲ್ಲು ಡಾಕ್ಟರರ ಹತ್ತಿರ ಅಂತ ಹೇಳಿ. ಅಷ್ಟೇ. ಮಣಿಪಾಲಕ್ಕೆ ಹೋಗುವವರು ಮತ್ತೆ ಎಂತಕ್ಕೆ ಹೋಗುತ್ತಾರೆ?” ಎಂದಳು ಲೊರ್ನಾಬಾಯಿ. ಅದು ಎಷ್ಟು ಒಳ್ಳೆಯ ಉತ್ತರವೆಂದು ಅವಳಿಗೇ ಖುಷಿಯಾಗಿ ಮುಂದಿನ ಮನೆಯಲ್ಲೂ ಅದನ್ನೇ ಹೇಳಿದಳು, ಅದರ ಮುಂದಿನ ಮನೆಯಲ್ಲೂ ಅದನ್ನೇ.

ಲೂಯಿಸ್ ಪೊರ್ಬುಗಳಿಗೆ ವಿಶೇಷ ಪಾತ್ರ. ಕಟ್ಟೆಯಲ್ಲಿ ಹತ್ತುವುದು, ಇಗರ್ಜಿಯ ಸ್ಟಾಪಿನಲ್ಲಿ ಇಳಿಯುವುದು. ಅಲ್ಲಿ ಇದ್ರೀಸ್ ಗೂಡ್ಸ್ ರಿಕ್ಷಾ ಇಟ್ಟುಕೊಂಡು ಕಾಯುತ್ತಿರುತ್ತಾನೆ. ಗದ್ದೆಯ ಒಳದಾರಿಯಲ್ಲಿ ಓಡಿಸಿ ಬಸ್ಸಿಗಿಂತ ಮೊದಲೇ ಹಳ್ಳ ದಾಟುವ ಸಂಕದ ಹತ್ತಿರ ಬಿಡುತ್ತಾನೆ. ಅಲ್ಲಿ ತಲೆಗೆ ಟೋಪಿ ಇಟ್ಟುಕೊಂಡು ಅದೇ ಬಸ್ಸಿಗೆ ಇನ್ನೊಬ್ಬರಾಗಿ ಹತ್ತುವುದು. “ಒಂದು ಟೋಪಿಯಲ್ಲಿ ಮನುಷ್ಯ ಬದಲಾಗುತ್ತಾನಾ?” ಎಂದು ಅವರು ಕೇಳಿದ್ದಕ್ಕೆ, “ನಿಮ್ಮನ್ನು ಒಂದು ಸಲ ನೋಡಿದವರು ಎರಡನೇ ಸಲ ನೋಡುವುದಿಲ್ಲ” ಎಂದು ಹೆಂಡತಿ ಧೈರ್ಯ ಕೊಟ್ಟಳು.

“ಎಲ್ಲ ಸರಿ, ನೀವು?” ಎಂದು ಖತೀಜಾ ಕೇಳಿದಳು.

“ನಾನಾ? ಮುಂದಿನ ಸೀಟು ನನ್ನದು. ಹಿಡಿದಿಡು ಅಂತ ಭೋಜನಿಗೆ ಹೇಳಿ ಆಯಿತು” ಎಂದಳು ಲೊರ್ನಾಬಾಯಿ, ಕಣ್ಣು ಮಿಟುಕಿಸದೆ.

ಸೋಮವಾರ ಬೆಳಿಗ್ಗೆ ಅವಳು ತನ್ನ ಕೆಂಪು ನೂಲಿನ ಕಟ್ಟನ್ನು ಎಲ್ಲರಿಗಿಂತ ಮೊದಲು ಬೆಂಚಿನ ಮೇಲಿಟ್ಟು, ಮನೆಗೆ ಬಂದು, ಕಿಟಕಿಯ ಪರದೆಯ ಹಿಂದೆ ನಿಂತಳು. ಮೊಣಕಾಲು ಹಿಡಿದುಕೊಂಡಿತು ಅಂತ ಸಂಜೆ ಹೇಳಿದರಾಯಿತು. ಬಸ್ಸು ಬಂತು. ಮುಂಬಾಗಿಲ ಪಕ್ಕದ ಒಂಟಿ ಸೀಟಿನಲ್ಲಿ ಬಿಳಿ ಅಂಗಿಯ ಹುಡುಗನೊಬ್ಬ ಮೂಗಿಗೆ ಕರವಸ್ತ್ರ ಒತ್ತಿ ಕೂತಿದ್ದ. ಗಳಿಗೆಗೊಮ್ಮೆ ಎಂಜಲು ನುಂಗುತ್ತಿದ್ದ. ಅಬ್ಬ ಸೊಕ್ಕೇ! ನಮ್ಮ ಊರಿನ ಸೆಗಣಿಯ ವಾಸನೆ ಆಗುವುದಿಲ್ಲವೋ ಮಹಾರಾಯನಿಗೆ ಎಂದು ಅವಳಿಗೆ ಮೈ ಉರಿಯಿತು.

ಜನ ಬಂದರು ನೋಡಿ! ಹೂವಪ್ಪಣ್ಣ ಮದುವೆಗೆ ಹೊದೆಯುವ ಶಾಲು ಹೊದ್ದು ಬಂದಿದ್ದ. ಖತೀಜಾ ಈದಿನ ಸೀರೆ ಉಟ್ಟಿದ್ದಳು. ಡೈರಿಯ ಸೆಕ್ರೆಟರಿ ಡೈರಿಗೆ ಬೀಗ ಹಾಕಿ ಬಂದ, ಹೋಟೆಲಿನವನು ಒಲೆಗೆ ನೀರು ಹೊಯ್ದು ಬಂದ. ಎಂದಿನಂತೆ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕಟ್ಟು. ಎಂದಿನಂತೆ ಬೆಂಚಿನ ಮೇಲೆ ಅದನ್ನು ಇಟ್ಟರು. ಎಂದೂ ಇಲ್ಲದಂತೆ ಬಸ್ಸಿಗೆ ನುಗ್ಗಿದರು. ಸೀಟು ತುಂಬಿತು, ನಡುವಿನ ದಾರಿ ತುಂಬಿತು, ಇಂಜಿನ್ ಬದಿಯಲ್ಲೂ ಮೂರು ಜನ ಕೂತರು. ಟಿಕೆಟು ಹರಿಯಲು ಹಿಂದಕ್ಕೆ ಹೋದ ಭೋಜ ಅಲ್ಲೇ ಸಿಕ್ಕಿಬಿದ್ದ. ಅವನ ಟೋಪಿ ಮಾತ್ರ ಕಾಣುತ್ತಿತ್ತು.

ಆಗ ಆ ಹುಡುಗ ಎದ್ದು ನಿಂತು ಬಸ್ಸಿನ ತಗಡಿಗೆ ಎರಡು ಪೆಟ್ಟು ಕೊಟ್ಟ. “ರೈಟ್! ಹೋಗಿ, ಬೇಗ ಹೋಗಿ!” ಎಂದ. ದಣಿಯ ಅಳಿಯ ಹೇಳಿದ ಮೇಲೆ ಡ್ರೈವರ್ ಕಂಡಕ್ಟರನ ಸೀಟಿಯ ಸದ್ದಿಗೆ ಕಾಯುತ್ತಾನೆಯೇ? ಬಸ್ಸು ಹೊಗೆ ಬಿಟ್ಟು ಹೊರಟೇ ಹೋಯಿತು.

ಪರದೆಯ ಹಿಂದೆ ಲೊರ್ನಾಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗೆದ್ದೆವು! ಶಿಲುಬೆಯ ಗುರುತು ಮಾಡಿಕೊಂಡು, ಕಣ್ಣೊರೆಸಿಕೊಂಡು, ಅಂಗಳ ಗುಡಿಸಲು ಪೊರಕೆ ಹಿಡಿದು ಹೊರಗೆ ಬಂದಳು. ಬಂದವಳು ಗೇಟಿನ ಹತ್ತಿರ ನಿಂತುಬಿಟ್ಟಳು.

ಬೆಂಚಿನ ಮೇಲೆ ಇಡೀ ಊರು ಕೂತಿತ್ತು. ಹಾಳೆಯ ಕಟ್ಟು, ತೆಂಗಿನ ಗರಿಯ ಕಟ್ಟು, ಬುತ್ತಿ, ಬಾಟಲಿ, ಲೂಯಿಸನ ಹಲ್ಲಿನ ಡಬ್ಬಿ, ಮನೆಮನೆಯ ಮಲ್ಲಿಗೆ. ಎಲ್ಲದರ ನಡುವೆ ಕೆಂಪು ನೂಲಿನ ಗಂಟು.

ಇಷ್ಟು ವರ್ಷದ ಅಭ್ಯಾಸ ಕೈಕೊಟ್ಟದ್ದು ಹಾಗೆ. ಬೆಂಚಿನ ಮೇಲಿಟ್ಟರೆ ಹೋಗಿ ಮುಟ್ಟುತ್ತದೆ ಅಂತ ನಂಬಿದ ಜನ, ತಾವೇ ಹತ್ತುವ ದಿನವೂ ಬೆಂಚಿನ ಮೇಲೇ ಇಟ್ಟು ಹತ್ತಿದ್ದರು!

“ಅಯ್ಯೋ ದೇವರೆ, ಬಸ್ಸು ಉಳಿಸಲು ಹೋಗಿ ಹೂವನ್ನೇ ಬಿಟ್ಟೆವಲ್ಲ” ಎಂದು ಲೊರ್ನಾಬಾಯಿ ಪೊರಕೆ ಬಿಸಾಡಿದಳು. ಭೋಜನಿಗೆ ಫೋನ್ ಮಾಡಿದಳು. ಆ ನೂಕುನುಗ್ಗಲಿನಲ್ಲಿ ಅವನಿಗೆ ಜೇಬು ಎಲ್ಲಿ ಸಿಗಬೇಕು? ಊರಲ್ಲಿ ಕರೆದರೆ ಓಗೊಡಲು ಒಂದು ಜನ ಇಲ್ಲ. ಎಲ್ಲರನ್ನೂ ಅವಳೇ ಕಳಿಸಿದ್ದಳಲ್ಲ. ಆಮೇಲೆ ಇಗರ್ಜಿಯ ಹತ್ತಿರ ಗೂಡ್ಸ್ ರಿಕ್ಷಾ ಇಟ್ಟುಕೊಂಡಿರುವ ಇದ್ರೀಸನ ನೆನಪಾಯಿತು.

“ಇದ್ರೀಸ್, ಪೊರ್ಬುಗಳನ್ನು ಬಿಡು! ರಿಕ್ಷಾ ತಕ್ಕೊಂಡು ಕಟ್ಟೆಗೆ ಬಾ, ಓಡು!”

ಇದ್ರೀಸ್ ಬಂದ. ಬೆಂಚಿನ ಮೇಲಿನದ್ದನ್ನೆಲ್ಲ ಹಿಂದಿನ ತೊಟ್ಟಿಗೆ ಹಾಕಿದರು.

“ಹತ್ತಿ ಬಾಯಿ.”

“ನಾನು ಯಾಕೆ?”

“ಮತ್ತೆ ಹೂ ಹಿಡಿದುಕೊಳ್ಳುವುದು ಯಾರು? ಈ ಹೊಂಡದ ದಾರಿಯಲ್ಲಿ ಎಲ್ಲ ಬಜ್ಜಿ ಆಗಿ ಹೋಗ್ತದೆ.”

ಹೂವಿನ ಮುಖ ನೋಡಿ ಲೊರ್ನಾಬಾಯಿ ಹತ್ತಿದಳು. ಬುತ್ತಿಯನ್ನು ಕಾಲಿನಿಂದ ಒತ್ತಿ ಹಿಡಿದು, ಮಲ್ಲಿಗೆಯನ್ನೆಲ್ಲ ಮಡಿಲಲ್ಲಿ ತುಂಬಿಕೊಂಡು, ದೇವರ ಹೆಸರು ಹೇಳಿ ಕಣ್ಣು ಮುಚ್ಚಿದಳು. ರಿಕ್ಷಾ ಹಾರಿತು. ಒಂದು ಗುಡ್ಡೆ ದಾಟಿತು. ವಾಂತಿಗೆ ಮೊದಲು ಬರುವ ನೀರು ಬಾಯಲ್ಲಿ ಊರಲಿಲ್ಲ. ಕಣ್ಣು ಬಿಟ್ಟಳು. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಗದ್ದೆ ಹಿಂದಕ್ಕೆ ಓಡುತ್ತಿತ್ತು, ಹೊಟ್ಟೆ ತೆಪ್ಪಗಿತ್ತು. ಇಷ್ಟು ವರ್ಷ ತನಗೆ ಬೇಕಾದ್ದು ಬರೀ ಗಾಳಿಯೇ ಎಂದು ಅವಳಿಗೆ ಆಶ್ಚರ್ಯವಾಯಿತು.

ಇಗರ್ಜಿಯ ಸ್ಟಾಪಿನಲ್ಲಿ ಲೂಯಿಸ್ ಪೊರ್ಬುಗಳು ಕೈಯಲ್ಲಿ ಟೋಪಿ ಹಿಡಿದುಕೊಂಡು ಅನಾಥರ ಹಾಗೆ ನಿಂತಿದ್ದರು. ಅವರನ್ನೂ ಹಿಂದೆ ಹಾಕಿಕೊಂಡರು. ಡಬ್ಬಿಯಲ್ಲಿ ತಮ್ಮ ಹಲ್ಲು ಕಂಡದ್ದೇ ಅವರು ಮಾತಿಲ್ಲದೆ ತೆಗೆದು ಬಾಯಿಗಿಟ್ಟುಕೊಂಡರು.

ಶಂಕರಪುರ ಮುಟ್ಟುವಾಗ ಹೂವಿನ ಕಟ್ಟೆಯ ಎದುರು ‘ಹೊನ್ನಕಿರಣ’ ನಿಂತಿತ್ತು. ನಿಂತದ್ದೇನು, ಹೂ ಕೊಳ್ಳುವವರು ಅಡ್ಡ ನಿಂತು ನಿಲ್ಲಿಸಿದ್ದರು. “ಕಂಚಿಬೈಲಿನ ಹೂ ಎಲ್ಲಿ? ವ್ಯಾನಿಗೆ ಹೊತ್ತಾಯಿತು!” ಎಂದು ಅವರ ಗಲಾಟೆ. ಇಳಿದ ಜನರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. “ನೀನು ಎತ್ತಿದ್ದಿ ಅಂತ ನಾನು”, “ಭೋಜ ಎತ್ತಿದ್ದಾನೆ ಅಂತ ನಾವು”, “ನನ್ನನ್ನು ಮುಂದೆ ಬರಲಿಕ್ಕೆ ಬಿಟ್ಟಿರೋ ನೀವು?” ಎಂದು ಜಗಳ ಹತ್ತಿತ್ತು. ಖತೀಜಾ ಹಣೆ ಚಚ್ಚಿಕೊಳ್ಳುತ್ತಿದ್ದಳು.

ರಿಕ್ಷಾ ಕಂಡದ್ದೇ ಹೂವಿನವರು ಮುತ್ತಿದರು. ಊರಿನ ಜನರನ್ನು ಇಷ್ಟು ಹೊತ್ತು ಅಪರಿಚಿತರಂತೆ ನೋಡುತ್ತಿದ್ದವರು ಕಟ್ಟು ನೋಡಿದ ಕೂಡಲೇ ನೆಂಟರಾದರು. “ಹಾಳೆಯ ಕಟ್ಟು! ಇದು ನಿಮ್ಮದಾ ಅಮ್ಮ?” “ಓಹೋ, ತೆಂಗಿನ ಗರಿ ನೀವೋ! ಗಂಟು ಬಿಚ್ಚಲಿಕ್ಕೆ ನಮಗೆ ಉಗುರು ಹೋಗ್ತದೆ ಮಾರಾಯ್ರೆ!” ಹೂ ತೂಗಿ ಕೈ ಪಳಗಿದ ಒಬ್ಬ ಅಜ್ಜಿ ಕೆಂಪು ನೂಲನ್ನು ಮುಟ್ಟಿ, ಆಮೇಲೆ ಲೊರ್ನಾಬಾಯಿಯ ಕೈ ಹಿಡಿದು, “ನೀವೇನಾ? ಎಷ್ಟೋ ವರ್ಷದಿಂದ ನಿಮ್ಮನ್ನು ನೋಡಬೇಕು ಅಂತ ಇತ್ತು” ಎಂದಳು. ಲೊರ್ನಾಬಾಯಿ ಆ ಕಟ್ಟನ್ನು ತಾನೇ ಅಜ್ಜಿಯ ಕೈಗಿಟ್ಟಳು. ಅವಳಿಗೆ ಅಷ್ಟು ಸಂತೋಷವಾಗಿತ್ತು.

ಹೂ ವ್ಯಾನು ಹತ್ತಿತು. ಆದರೆ ಅಷ್ಟಕ್ಕೆ ಮುಗಿಯಬೇಕಲ್ಲ.

“ಇದಕ್ಕೆಲ್ಲ ಲೀಡರ್ ಯಾರು?”

ಪ್ರಖ್ಯಾತ್ ಕಟ್ಟೆಯ ಮೆಟ್ಟಿಲ ಮೇಲೆ ಕೂತಿದ್ದವನು ಎದ್ದು ಬಂದ. ಮುಖ ಬಿಳುಚಿಕೊಂಡಿತ್ತು, ಸ್ವರದಲ್ಲಿ ಸಿಟ್ಟಿತ್ತು. “ಬಸ್ಸು ತುಂಬ ಜನ. ಎಲ್ಲಿಗೆ ಅಂತ ಕೇಳಿದರೆ ಎಲ್ಲರೂ ಹಲ್ಲು ಡಾಕ್ಟರರ ಹತ್ತಿರ. ಊರಿಗೆ ಊರೇ ಎಂತ ಕಚ್ಚಿದಿರಿ ನೀವು? ಈ ಅಜ್ಜ ಇಗರ್ಜಿಯಲ್ಲಿ ಇಳಿದವರು, ಈಗ ರಿಕ್ಷಾದಿಂದ ಇಳಿಯುತ್ತಿದ್ದಾರೆ. ಹತ್ತುವಾಗ ಬಾಯಲ್ಲಿ ಹಲ್ಲಿರಲಿಲ್ಲ, ಈಗ ಉಂಟು!”

“ಡಾಕ್ಟರು ಬೇಗ ಮಾಡಿಕೊಟ್ಟರು” ಎಂದರು ಲೂಯಿಸ್ ಪೊರ್ಬುಗಳು.

ಯಾರೋ ಕಿಸಕ್ಕೆಂದರು. ಪ್ರಖ್ಯಾತನಿಗೆ ಇನ್ನೂ ಸಿಟ್ಟು ಬಂತು. “ನಗಿ. ಮಾವನಿಗೆ ಇವತ್ತೇ ಹೇಳುತ್ತೇನೆ. ಮೋಸ ಮಾಡುವ ಊರಿಗೆ ಬಸ್ಸು ಬೇಡ. ನಾಳೆಯಿಂದ ಇಲ್ಲೇ ತಿರುಗುತ್ತದೆ.”

ನಗು ನಿಂತಿತು. ಎಲ್ಲರೂ ಲೊರ್ನಾಬಾಯಿಯ ಕಡೆ ತಿರುಗಿದರು, ಆ ತಿರುಗುವಿಕೆಯಲ್ಲೇ ಖತೀಜಾಳಿಗೆ ಒಂದು ವಿಷಯ ಹೊಳೆಯಿತು. “ಬಾಯಿ, ನಮ್ಮನ್ನೆಲ್ಲ ಹತ್ತಿಸಿ ನೀವು ಹತ್ತಲೇ ಇಲ್ಲ ಅಲ್ವಾ? ಮುಂದಿನ ಸೀಟು ನಿಮ್ಮದು ಅಂತ ಹೇಳಿದ್ದಿರಿ!”

“ಹೌದಲ್ಲ! ನಾವು ಉಪ್ಪಿನಕಾಯಿಯ ಹಾಗೆ ಬಂದೆವು, ಇವರು ಮನೆಯಲ್ಲಿ ಕೂತರು!” ಎಂದ ಹೂವಪ್ಪಣ್ಣ.

ಎದುರಿಗೆ ಹುಡುಗ, ಹಿಂದೆ ಊರು. ಲೊರ್ನಾಬಾಯಿ ಮೊಣಕಾಲಿನ ಕತೆ ಶುರು ಮಾಡಬೇಕೆಂದು ಬಾಯಿ ತೆರೆದಳು. ಆಗ ಪ್ರಖ್ಯಾತನ ಮುಷ್ಟಿಯಲ್ಲಿದ್ದದ್ದು ಕಂಡಿತು. ಹಿಂಡಿ ಹಿಂಡಿ ಸಿಪ್ಪೆಯಾದ ಲಿಂಬೆಹುಳಿಯ ತುಂಡು. ಅವನು ಬಸ್ಸಿಗೆ ಬೆನ್ನು ಹಾಕಿ ನಿಂತಿದ್ದ. ಡೀಸೆಲ್ ಹೊಗೆ ಈ ಕಡೆ ಬೀಸಿದಾಗ ಉಸಿರು ಹಿಡಿದ, ಎಂಜಲು ನುಂಗಿದ. ಆ ಕರವಸ್ತ್ರ, ಬೇಗ ಹೋಗಿ ಎಂಬ ಆ ಅವಸರ! ಸೆಗಣಿಯ ವಾಸನೆಯೂ ಅಲ್ಲ, ಸೊಕ್ಕೂ ಅಲ್ಲ. ಲೋಕದಲ್ಲಿ ಬೇರೆ ಯಾರಿಗೆ ತಿಳಿಯದಿದ್ದರೂ ಇದು ಅವಳಿಗೆ ತಿಳಿಯಬೇಡವೇ?

ಬಸ್ಸಿನ ದಣಿಯ ಅಳಿಯನಿಗೆ ಬಸ್ಸಿನಲ್ಲಿ ವಾಂತಿ! ಈ ಒಂದು ಮಾತು ಗಟ್ಟಿಯಾಗಿ ಹೇಳಿದರೆ ಸಾಕಿತ್ತು. ಮಧ್ಯಾಹ್ನದೊಳಗೆ ಕಾಪುವಿನಿಂದ ಮಣಿಪಾಲದವರೆಗೆ ಎಲ್ಲ ಕಂಡಕ್ಟರರೂ ನಗುತ್ತಿದ್ದರು. ಮಾತು ಅವಳ ನಾಲಿಗೆಯ ತುದಿಗೂ ಬಂತು. ಆದರೆ ಆ ಹುಡುಗನ ಕಣ್ಣಂಚಿನ ನೀರು ನೋಡಿ ಅವಳಿಗೆ ಕನಿಕರ ಬಂದುಬಿಟ್ಟಿತು. ಆ ನೀರು ಯಾಕೆ ಬರುತ್ತದೆಂದು ಗೊತ್ತಿದ್ದವಳಲ್ಲವೇ ಅವಳು?

“ನಾನು ಹತ್ತಲಿಲ್ಲ, ನಿಜ” ಎಂದಳು ಲೊರ್ನಾಬಾಯಿ. “ಎಂತಕ್ಕೆ ಅಂದರೆ, ಬಸ್ಸು ಹತ್ತಿದರೆ ನನಗೆ ವಾಂತಿ ಬರುತ್ತದೆ. ಚಿಕ್ಕಂದಿನಿಂದ. ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ. ಲೂಯಿಸ್, ನಿಮಗೂ ಹೇಳಲಿಲ್ಲ.”

ಲೂಯಿಸ್ ಪೊರ್ಬುಗಳ ಬಾಯಿ ತೆರೆದೇ ಉಳಿಯಿತು.

ಅವಳು ಪ್ರಖ್ಯಾತನ ಹತ್ತಿರಕ್ಕೆ ಹೋಗಿ, ಅವನ ಕಣ್ಣನ್ನೇ ನೋಡುತ್ತ, ಮೆಲ್ಲ ಮುಂದುವರಿಸಿದಳು. “ಬಾಯಲ್ಲಿ ನೀರೂರುತ್ತದೆ ಮಗಾ. ಕಿವಿಯ ಹಿಂದೆ ತಣ್ಣಗಾಗುತ್ತದೆ. ಜನ ತುಂಬಿದರೆ ಉಸಿರು ಕಟ್ಟುತ್ತದೆ. ಒಮ್ಮೆ ಬಸ್ಸು ಹೊರಟು ಗಾಳಿ ಬಂದರೆ ಸಾಕಪ್ಪ ಅಂತ ತಗಡಿಗೆ ಬಡಿಯುವ ಅನಿಸುತ್ತದೆ. ಲಿಂಬೆ ಮೂಸಿದರೆ ಸ್ವಲ್ಪ ತಡೆಯುತ್ತದೆ. ಹೌದಾ ಅಲ್ವಾ?”

ಪ್ರಖ್ಯಾತನ ಮುಖ ಬಿಳುಚಿದ್ದು ಕೆಂಪಾಯಿತು. ಲಿಂಬೆಯ ಕೈ ಮೆಲ್ಲಗೆ ಬೆನ್ನ ಹಿಂದೆ ಹೋಯಿತು.

“ಇಂಥವರು ಬಸ್ಸಿನಲ್ಲಿ ಹೋಗುವುದು ಹೇಗೆ? ಆದರೆ ನನ್ನ ಹೂ ಹೋಗುತ್ತದೆ. ಬಸ್ಸು ನಿಂತರೆ ಅದು ಹಿತ್ತಲಲ್ಲೇ ಅರಳಿ ಹೋಗುತ್ತದಲ್ಲ ಅಂತ ನನಗೆ ಹೆದರಿಕೆಯಾಯಿತು. ಅದಕ್ಕೆ ಇಷ್ಟೆಲ್ಲ ಮಾಡಿದೆ. ತಪ್ಪಾಯಿತು. ಇನ್ನು ನಿನಗೆ ಬಿಟ್ಟದ್ದು.”

ಹುಡುಗ ಖಾಲಿಯಾದ ಬಸ್ಸನ್ನು ನೋಡಿದ, ರಿಕ್ಷಾದಲ್ಲಿ ಉಳಿದ ಬುತ್ತಿ, ಬಾಟಲಿ, ಬಸಳೆಗಳನ್ನು ನೋಡಿದ. ಆಮೇಲೆ ಕಂಡಕ್ಟರನ ಕಡೆ ತಿರುಗಿ, “ಭೋಜಣ್ಣ, ಸೀಟು ಭರ್ತಿ ಆಗಬೇಕು ಅಂತ ಮಾವ ಹೇಳಿದ್ದು. ಸೀಟಿನಲ್ಲಿ ಯಾರು ಕೂರಬೇಕು ಅಂತ ಹೇಳಲಿಲ್ಲ. ಕಟ್ಟುಗಳಿಗೆ ಟಿಕೆಟು ಹರಿಯಿರಿ” ಎಂದ.

“ಕಟ್ಟಿಗೆ ಟಿಕೆಟಾ ಸರ್?”

“ಇಷ್ಟು ವರ್ಷ ಬಿಟ್ಟಿ ಕರೆದುಕೊಂಡು ಹೋಗಿದ್ದೇ ತಪ್ಪು. ಅದಕ್ಕೇ ಬಸ್ಸು ಖಾಲಿ ಅಂತ ಕಂಡದ್ದು.”

ಟಿಕೆಟೆಂದಾಗ ಊರಿನವರು ಸ್ವಲ್ಪ ಗೊಣಗಿದರು. ಬಾಟಲಿಗೆ ಅರ್ಧ ಟಿಕೆಟು ಸಾಕಲ್ಲ ಎಂದು ಹೂವಪ್ಪಣ್ಣ ಚೌಕಾಶಿಗಿಳಿದ. ಲೊರ್ನಾಬಾಯಿ ಒಂದು ನೋಟ ನೋಡಿದ ಮೇಲೆ ಎಲ್ಲರೂ ಒಪ್ಪಿದರು. ಭೋಜ ಒಂದೊಂದು ಸೀಟಿಗೆ ಒಂದೊಂದು ಕಟ್ಟು ಕೂರಿಸಿ ಟಿಕೆಟು ಸಿಕ್ಕಿಸಿದ. ಮಣಿಪಾಲಕ್ಕೆ ಬರುವವರು ಯಾರು ಎಂದು ಕೂಗಿದರೆ ಒಬ್ಬರೂ ಅಲುಗಾಡಲಿಲ್ಲ. ಊರಿಗೆ ಊರೇ ಹಲ್ಲು ನೋವು ಗುಣವಾಗಿ ನಿಂತಿತ್ತು.

“ನೀವು ಸರ್?”

“ನಾನು… ಊರನ್ನು ಸರಿಯಾಗಿ ನೋಡಬೇಕು. ರಿಕ್ಷಾದಲ್ಲಿ ಬರುತ್ತೇನೆ” ಎಂದ ಪ್ರಖ್ಯಾತ್, ಗೂಡ್ಸ್ ರಿಕ್ಷಾದ ಹಿಂದಿನ ತೊಟ್ಟಿಗೆ ಹತ್ತುತ್ತ.

ದೊಡ್ಡ ಓದಿನವರು ಎಷ್ಟು ಸೂಕ್ಷ್ಮವಾಗಿ ನೋಡುತ್ತಾರೆ ಎಂದು ಹೂವಪ್ಪಣ್ಣ ಮೆಚ್ಚಿಕೊಂಡ. ಸಾಮಾನು ಬಸ್ಸಿನಲ್ಲಿ ಮುಂದಕ್ಕೆ ಹೋಯಿತು, ಜನ ಸಾಮಾನಿನ ಗಾಡಿಯಲ್ಲಿ ಕಂತು ಕಂತಾಗಿ ಮನೆಗೆ ಬಂದರು. ಮೊದಲ ಕಂತಿನಲ್ಲಿ ಲೊರ್ನಾಬಾಯಿ ಮತ್ತು ಬಿಳಿ ಅಂಗಿಯ ಹುಡುಗ ಅಕ್ಕಪಕ್ಕ ನಿಂತು, ಗಾಳಿಗೆ ಮುಖ ಒಡ್ಡಿ ಗುಡ್ಡೆ ಹತ್ತಿಳಿದರು.

ಈಗಲೂ ಬೆಳಿಗ್ಗೆ ‘ಹೊನ್ನಕಿರಣ’ ಬರುತ್ತದೆ. ಕಟ್ಟುಗಳನ್ನೆಲ್ಲ ಸೀಟಿನ ಮೇಲೆ ಕೂರಿಸಿ, ರೂಢಿಬಲದಿಂದ “ಮುಂದೆ ಹೋಗಿ, ಮುಂದೆ ಹೋಗಿ” ಎಂದು ಭೋಜ ಬುತ್ತಿಗಳಿಗೆ ಹೇಳುತ್ತಾನೆ. ತಿಂಗಳಿಗೊಮ್ಮೆ ಲೆಕ್ಕ ನೋಡಲು ಪ್ರಖ್ಯಾತ್ ಬೈಕಿನಲ್ಲಿ ಬರುತ್ತಾನೆ. ಮಾವ ಏಳು ಬಸ್ಸಿಟ್ಟರೂ ಅಳಿಯನಿಗೆ ಬೈಕೇ ಯಾಕೆಂದು ಊರಿನವರಿಗೆ ಕುತೂಹಲ. ಲೊರ್ನಾಬಾಯಿಯನ್ನು ಕೇಳಿದರೆ, “ಪ್ರಾಯದ ಹುಡುಗರು ಮಾರಾಯ್ರೆ” ಎನ್ನುತ್ತಾಳೆ. ಅವಳ ಬಾಯಲ್ಲಿ ಬೇರೆಯವರ ಗುಟ್ಟೊಂದು ಅಷ್ಟು ಕಾಲ ನಿಂತದ್ದು ಅದೇ ಮೊದಲು.

ಪ್ರತಿ ಸೋಮವಾರ ಅವಳು ಬೆಂಚಿನ ಮೇಲೆ ಎರಡು ಕಟ್ಟು ಇಡುತ್ತಾಳೆ. ಒಂದು ಮಲ್ಲಿಗೆ, ಶಂಕರಪುರಕ್ಕೆ. ಇನ್ನೊಂದು ಚಿಕ್ಕದು, ಉಡುಪಿಯ ಬಸ್ಸಿನ ಆಫೀಸಿಗೆ, ಅದಕ್ಕೂ ಕೆಂಪು ನೂಲಿನ ಗಂಟು.

“ಇದರಲ್ಲಿ ಎಂತ ಉಂಟು ಬಾಯಮ್ಮ?” ಎಂದು ಭೋಜ ಒಮ್ಮೆ ಮೂಸಿ ನೋಡಿ ಕೇಳಿದ. “ಲಿಂಬೆಹುಳಿಯ ವಾಸನೆ ಬರ್ತದೆ. ಅಲ್ಲಿ ಯಾರಿಗೆ ಕೊಡುವುದು?”

“ಟಿಕೆಟು ಹರಿ ನೀನು” ಎಂದಳು ಲೊರ್ನಾಬಾಯಿ. “ಯಾರದ್ದು ಅಂತ ಅವನಿಗೆ ಗೊತ್ತುಂಟು.”